ಚಳಿಯಲ್ಲಿ ಬೋಳಾದ ಗೋಳಿ

ದೊಡ್ಡಮ್ಮನ ಬಲಗೈ ಹೆಬ್ಬೆರಳಿನ ಉಗುರು ದಪ್ಪಗೆ, ಹಳದಿಗಟ್ಟಿ, ನಡುವೆ ಸೀಳಿತ್ತು. ಮೀನಿನ ಕಿವಿರು ಎತ್ತಿ ‘ಕಾಣಿ, ಕೆಂಪಿತ್ತ್’ ಎಂದು ಗಿರಾಕಿಗೆ ತೋರಿಸುತ್ತಿದ್ದುದು ಆ ಉಗುರಿನಿಂದ. ಮರದ ತೊಗಟೆ ಕೆರೆದು ಜೀವ ಇದೆಯೋ ಇಲ್ಲವೋ ಎಂದು ನೋಡುತ್ತಿದ್ದುದೂ ಅದರಿಂದಲೇ.

ಅವಳು ನನಗೆ ಬಂಧುವಲ್ಲ. ತಲ್ಲೂರಿನಲ್ಲಿ ನಮ್ಮ ಬೇಲಿಯಾಚೆಯ ಮನೆಯವಳು. ಕುಂದಾಪುರದ ಮಾರ್ಕೆಟಿನಲ್ಲಿ ಮೀನು ಮಾರಿ ಮಧ್ಯಾಹ್ನ ಮನೆಗೆ ಬಂದವಳು, ಕೈ ತೊಳೆದು ಮೊದಲು ಹೋಗುತ್ತಿದ್ದುದು ತನ್ನ ಗೋಳಿ, ಅಂದರೆ ಆಲದ ಮರದ ಹತ್ತಿರ. ಮರ ಎಂದರೆ ಒಂದು ಮೊಳ ಎತ್ತರದ್ದು. ಅಗಲವಾದ ಮಣ್ಣಿನ ತಟ್ಟೆಯಲ್ಲಿ ಬಿಳಲು ಬಿಟ್ಟುಕೊಂಡು ನಿಂತ ಬೋನ್ಸಾಯ್.

ಹಿಂದೆ ಕೆಲವು ವರ್ಷ ಅವಳು ಬೊಂಬಾಯಿಯ ಮನೆಯೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಬಾಲ್ಕನಿಯ ಮರಗಳನ್ನು ಮುಟ್ಟುವ ಹಾಗಿರಲಿಲ್ಲ. ಮಾಲಿ ಮಾಡುವುದನ್ನು ನೋಡಿಯೇ ಕಲಿತಳು. ಒಂದು ಚಳಿಗಾಲದಲ್ಲಿ ಎಲೆಯೆಲ್ಲ ಉದುರಿದ ಮರವನ್ನು ಆ ಮನೆಯವರು ಕಸಕ್ಕೆ ಹಾಕಿದರು. “ಸತ್ತಿತ್ ಅಂದೇಳಿ ಬಿಸಾಡಿರ್. ನಾನ್ ಕೆರ್ದ್ ಕಂಡೆ, ಒಳ್ಗ್ ಹಸ್ರ್ ಇತ್ತ್,” ಎನ್ನುತ್ತಿದ್ದಳು. ಒದ್ದೆ ಸೀರೆಯಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಊರಿಗೆ ತಂದಳು. ಮನೆಯಲ್ಲಿ ಗೋಳಿ ಇಟ್ಟರೆ ಗೋಡೆ ಒಡೆಯುತ್ತದೆ, ಸಂಸಾರ ಒಡೆಯುತ್ತದೆ ಎಂದು ಕೇರಿಯವರು ಹೆದರಿಸಿದರು. “ಗಂಡ ಬಿಟ್ಟ್ ಹೋಯಿ ಹತ್ ವರ್ಷ ಆಯ್ತ್. ಇನ್ನ್ ಒಡುಕೆ ಎಂತ ಇತ್ತ್?” ಎಂದು ನಕ್ಕಳು.

ಚಳಿಗಾಲಕ್ಕೆ ಅವಳದ್ದೇ ಕಟ್ಟಳೆಗಳಿದ್ದವು. ಬೆಳಗಿನ ಮೂಡುಗಾಳಿ ಶುರುವಾದ ಕೂಡಲೇ ತಟ್ಟೆ ಮನೆಯ ಪಡುವಣ ಬದಿಗೆ ಹೋಗುತ್ತಿತ್ತು. ಕತ್ತರಿ ಅಟ್ಟಕ್ಕೆ. ಮಣ್ಣಿಗೆ ಬೆರಳು ಚುಚ್ಚಿ, ಒಣಗಿದೆ ಎನಿಸಿದರೆ ಮಾತ್ರ ನೀರು, ಅದೂ ಬಿಸಿಲೇರಿದ ಮೇಲೆ. ಗೊಬ್ಬರ ಇಲ್ಲವೇ ಇಲ್ಲ. “ಚಳಿಯಂಗೆ ಅದ್ಕ್ ಹಸಿವ್ ಇಲ್ಲೆ ಹೆಣ್ಣೇ. ಹಸಿವ್ ಇಲ್ದಿದ್ದರಿಗೆ ಬಡ್ಸಿರೆ ಹೊಟ್ಟೆ ಕೆಡತ್ತ್.”

ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದ ಚಳಿಗಾಲದಲ್ಲಿ ಅವಳು ಯಡ್ತರೆಯ ತಂಗಿಯ ಮನೆಗೆ, ತಂಗಿಯ ಮಗಳ ಬಾಣಂತನ ಮಾಡಲು ಹೋಗಿ ಮೂರು ವಾರ ಉಳಿದಳು. ಮರವನ್ನು ನನಗೆ ಒಪ್ಪಿಸಿದ್ದಳು. ಎಲೆ ಉದುರತೊಡಗಿತು. ನನಗೆ ದಿಗಿಲಾಯಿತು. ನಮ್ಮ ಮನೆಯ ಬಸಳೆ ಚಪ್ಪರ, ತೆಂಗು ಎಲ್ಲವೂ ಬೆಳೆದದ್ದು ಮೀನು ತೊಳೆದ ನೀರಿನಲ್ಲಿ. ಅವಳ ಮಾತು ಮರೆತು ದಿನಾ ಎರಡು ಚೊಂಬು ಅದನ್ನೇ ಹೊಯ್ದೆ. ಮರ ಬೋಳಾಯಿತು, ಬುಡ ನಾರತೊಡಗಿತು.

ಅದೇ ವಾರ ಕೆಮಿಸ್ಟ್ರಿಯಲ್ಲಿ ಫೇಲಾದ ಸುದ್ದಿಯೂ ಬಂತು. ನಮ್ಮ ಮನೆಯಲ್ಲಿ ನನಗಿಂತ ಮೊದಲು ಯಾರೂ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಬೋಟಿನಲ್ಲಿ ದುಡಿಯುವ ಅಪ್ಪಯ್ಯ, “ಓದಿದ್ ಸಾಕ್. ಸೋಮವಾರದಿಂದ ಸಿಗಡಿ ಸುಲುಕೆ ಹೋಗ್,” ಎಂದ.

ದೊಡ್ಡಮ್ಮ ಬಂದವಳು ನನ್ನನ್ನು ಬೈಯಲಿಲ್ಲ. ಮರವನ್ನು ತಟ್ಟೆಯಿಂದೆಬ್ಬಿಸಿ, ಕೊಳೆತ ಬೇರುಗಳನ್ನಷ್ಟೇ ತೆಗೆದು, ಒಣ ಮರಳಿನಲ್ಲಿ ನಿಲ್ಲಿಸಿದಳು. ಅರ್ಧಕ್ಕರ್ಧ ಬೇರು ಹೋಗಿತ್ತು. ಬೇಲಿಯಾಚೆಯಿಂದ ಅಪ್ಪಯ್ಯ ಕೂಗಿದ: “ಹ್ವಾಯ್ ಅಕ್ಕಾ, ಅದನ್ನ ಒಲೆಗ್ ಹಾಕ್. ಒಂದ್ ಚಾ ಆತ್ತ್!”

ಅವಳು ಸೊಂಟಕ್ಕೆ ಕೈಯಿಟ್ಟು ನಿಂತಳು. “ಮಾರ್ಚಿಗೆ ಇದ್ ಚಿಗುರತ್ತ್ ತಮ್ಮಾ. ಚಿಗುರಿರೆ ನಿನ್ ಹೆಣ್ಣ್ ಮುಂದೆ ಓದ್ಬೇಕ್. ಅಲ್ಲಿವರಿಗೆ ಅವ್ಳ್ ಕಾಲೇಜಿಗೆ ಹೋಪುದೇ. ನೀ ಬಾಯ್ ಮುಚ್ಚ್ಕಂಡ್ ಕೂಕೋ.”

ಆ ಕಡ್ಡಿ ಚಿಗುರುವುದುಂಟೇ ಎಂದು ಅಪ್ಪಯ್ಯ ನಗುತ್ತಾ ಒಪ್ಪಿದ. ನಾನು ನಗಲಿಲ್ಲ. ಆ ಬೇರು ಎಷ್ಟು ಕೊಳೆತಿತ್ತು ಎಂದು ಕಣ್ಣಾರೆ ಕಂಡವಳು ನಾನು, ಕೊಳೆಸಿದವಳೂ ನಾನೇ. ಆಮೇಲೆ ದಿನಾ ಕಾಲೇಜಿಗೆ ಹೊರಡುವ ಮೊದಲು ಆ ಬೋಳು ಕೊಂಬೆಗಳನ್ನು ನೋಡಿಯೇ ಹೋಗುತ್ತಿದ್ದೆ. ನೀರು ಹಾಕಲು ಕೈ ತುಡಿಯುತ್ತಿತ್ತು. “ಮುಟ್ಟುಕಾಗ!” ಎಂದು ದೊಡ್ಡಮ್ಮ ಒಳಗಿನಿಂದಲೇ ಗದರುತ್ತಿದ್ದಳು.

ಮಾರ್ಚ್ ಮುಗಿಯಲು ನಾಲ್ಕು ದಿನ ಇದ್ದಾಗ ತುದಿಯಲ್ಲೊಂದು ಕೆಂಪು ಮೊಗ್ಗು ಮೂಡಿತು, ಭತ್ತದ ಕಾಳಿನಷ್ಟು. ಅಪ್ಪಯ್ಯ ಬಗ್ಗಿ ನೋಡಿದ. ಮರುದಿನ “ಬಸ್ಸಿಗ್ ಹೊತ್ತಾಯ್ತ್, ಇನ್ನೂ ಎಂತ ಮಾಡ್ತಿದ್ದಿ?” ಎಂದು ನನ್ನನ್ನೇ ಗದರಿದ.

ಡಿಗ್ರಿ ಸರ್ಟಿಫಿಕೇಟು ಕೈಗೆ ಬಂದ ದಿನ ಕೇಳಿದೆ, “ದೊಡ್ಡಮ್ಮಾ, ಅವತ್ತ್ ಚಿಗುರ್ದೆ ಇದ್ದಿರೆ?”

“ಎಪ್ರಿಲ್ ಅಂತಿದ್ದೆ. ಅದೂ ಆಗ್ದಿರೆ ಮಳೆಗಾಲ. ನಿನ್ನಪ್ಪನತ್ರ ಕ್ಯಾಲೆಂಡರ್ ಇತ್ತಾ?”

ಹೋದ ಮಳೆಗಾಲದಲ್ಲಿ ಅವಳು ತೀರಿಕೊಂಡಳು. ನಾನೀಗ ಬ್ರಹ್ಮಾವರದಲ್ಲಿ ಟೀಚರು. ಅವಳ ಮರ ನನ್ನ ಬಾಡಿಗೆ ಮನೆಯ ಪಡುವಣ ಜಗಲಿಯಲ್ಲಿದೆ. ಈ ಚಳಿಗೆ ಎಲೆಯೆಲ್ಲ ಉದುರಿಸಿ ಬೋಳಾಗಿ ನಿಂತಿದೆ.

ಮೊನ್ನೆ ಮನೆಯ ಯಜಮಾನರು ಬಂದು ಮುಖ ಕಿವುಚಿದರು. “ಟೀಚರೇ, ಗೋಳಿ ಮನ್ಯಂಗೆ ಇಡುಕಾಗ. ಅದೂ ಸತ್ತದ್ದ್. ಬಿಸಾಡಿ.”

ನಾನು ಹೆಬ್ಬೆರಳಿನ ಉಗುರಿನಿಂದ ತೊಗಟೆ ಕೆರೆದು ತೋರಿಸಿದೆ. ಒಳಗೆ ಹಸಿರು.

“ಮಾರ್ಚಿಗೆ ಚಿಗುರತ್ತ್,” ಎಂದೆ.

“ಚಿಗುರ್ದಿರೆ?”

“ಎಪ್ರಿಲ್.”