ಹೆರಿಗೆ ಕೋಣೆಗೆ ತಾಯಿಯನ್ನು ಕರೆತಂದ ಭೀಮಬಾಯಿ

ಕಲಬುರಗಿ ಸೀಮೆಯಲ್ಲಿ ತಾಯಿ-ಮಕ್ಕಳ ಆರೋಗ್ಯಕ್ಕಾಗಿ ದುಡಿದವರನ್ನು ನೆನೆಯುವಾಗ ನಾವು ವೈದ್ಯರಿಂದ ಆರಂಭಿಸುತ್ತೇವೆ. ಅದು ತಪ್ಪೂ ಅಲ್ಲ. ಆದರೆ ಮೊದಲ ಬ್ಯಾನೆಯಿಂದ ಹಿಡಿದು ಕೂಸು ಮೊಲೆ ಹಿಡಿಯುವವರೆಗೆ ಹೆರುವವಳ ಬೆನ್ನ ಮೇಲಿಂದ ಕೈ ತೆಗೆಯದವರು ಯಾರೆಂದು ಕೇಳಿದರೆ, ಕಮಲಾಪುರದ ಸುತ್ತಲಿನ ಹೆಣ್ಣುಮಕ್ಕಳು ಯೋಚಿಸದೆ ಹೇಳುವ ಹೆಸರು ಭೀಮಬಾಯಿ ಸಿಸ್ಟರ್ ಅವರದು. ಮೂವತ್ತಾರು ವರ್ಷಗಳ ಸೇವೆ ಪೂರೈಸಿ ಅವರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ.

ಭೀಮಬಾಯಿಯವರ ಅಜ್ಜಿ ಹೆಸರಾದ ಸೂಲಗಿತ್ತಿ. ತಂದೆ ಕಮಲಾಪುರದ ಬಾಳೆತೋಟಗಳಲ್ಲಿ ಕೂಲಿಗಿದ್ದರು. ಭೀಮಬಾಯಿಯವರಿಗೆ ಹದಿನಾರು ತುಂಬಿದ ವರ್ಷ ಅವರ ಅಕ್ಕ ಮನೆಯಲ್ಲೇ ಹೆತ್ತು, ರಕ್ತ ನಿಲ್ಲದೆ ತೀರಿಕೊಂಡಳು. ನೂರಾರು ಕೂಸುಗಳನ್ನು ಹಿಡಿದ ಕೈಗೆ ತನ್ನದೇ ಮೊಮ್ಮಗಳನ್ನು ಉಳಿಸಿಕೊಳ್ಳಲಾಗಲಿಲ್ಲ. ಮೂರನೆಯ ದಿನ ಅಜ್ಜಿ ಭೀಮಬಾಯಿಯವರನ್ನು ಬಳಿಗೆ ಕರೆದು, "ನನ್ನ ಕೈ ಇಲ್ಲಿಗೇ ನಿಂತದ ಮಗಳಾ. ಮುಂದಿಂದು ನೀ ದವಾಖಾನ್ಯಾಗ ಕಲಿ. ಆದ್ರ ನಾ ಕಲಿಸಿದ್ದು ಬಿಡಬ್ಯಾಡ," ಎಂದರಂತೆ. ಈ ಎರಡು ಮಾತುಗಳಲ್ಲಿ ಯಾವುದನ್ನೂ ಅವರು ಸಡಿಲಬಿಡಲಿಲ್ಲ.

ಕಲಬುರಗಿಯ ಗಾಜಿಪುರದಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ದಾದಿ ತರಬೇತಿ ಮುಗಿಸಿದ ಭೀಮಬಾಯಿಯವರಿಗೆ ಮೊದಲ ನೇಮಕ ಕಮಲಾಪುರದಲ್ಲೇ ಆಯಿತು. ಬ್ಯಾನೆ ತಿನ್ನುವವರನ್ನು ಅವರು ಮಂಚಕ್ಕೆ ಕಟ್ಟಿಹಾಕಲಿಲ್ಲ; ನಡೆದಾಡಿಸಿದರು, ಅಜ್ಜಿ ಕಲಿಸಿದಂತೆ ಸೊಂಟಕ್ಕೆ ಬೆಚ್ಚನೆಯ ಎಣ್ಣೆ ನೀವಿದರು, ಕುಕ್ಕರುಗಾಲಿನಲ್ಲಿ ಹೆರುತ್ತೇನೆಂದವಳಿಗೆ ಹಾಗೆಯೇ ಆಸರೆ ಕೊಟ್ಟರು. ನೂರಜಹಾನ್ ಎಂಬಾಕೆ ಹೆತ್ತಾಗ, ಕೂಸಿನ ಕಿವಿಯಲ್ಲಿ ಅಜಾನ್ ಹೇಳಲು ಅಜ್ಜ ಲಾಲ್ ಅಹ್ಮದ್ ಬಾಗಿಲಲ್ಲಿ ಸಂಕೋಚದಿಂದ ನಿಂತಿದ್ದನ್ನು ಕಂಡು ತಾವೇ ಕೂಸನ್ನು ಅವರ ತೋಳಿಗಿಟ್ಟರು. ಹಾಗೆಂದು ಹಳೆಯದೆಲ್ಲಕ್ಕೂ ತಲೆದೂಗಿದವರಲ್ಲ. ಮೊದಲ ಹಾಲು ಚೆಲ್ಲಲು ಹೊರಟ ಅತ್ತೆಯರ, ಬಾಣಂತಿಗೆ ನೀರು ಕೊಡದ ಮನೆಗಳ ಮುಂದೆ ಅವರ ದನಿ ಏರುತ್ತಿತ್ತು. ರಕ್ತ ಹೆಚ್ಚು ಹೋಗುವುದು ಕಂಡರೆ ಒಂದು ಕ್ಷಣವೂ ತಡೆಯದೆ ಗಾಡಿ ಹತ್ತಿಸಿ ಕಲಬುರಗಿಗೆ ತಾವೇ ಜೊತೆಗೆ ಹೊರಡುತ್ತಿದ್ದರು.

ಹದಿನಾಲ್ಕು ವರ್ಷಗಳ ಹಿಂದೆ ಅವರಿಗೆ ಕಲಬುರಗಿ ನಗರದ ದೊಡ್ಡ ಹೆರಿಗೆ ಆಸ್ಪತ್ರೆಯೊಂದಕ್ಕೆ ವರ್ಗವಾಯಿತು. ಅಲ್ಲಿ ಹೆರಿಗೆ ಕೋಣೆಗೆ ಮನೆಯವರಾರೂ ಬರುವಂತಿರಲಿಲ್ಲ. ಒಂದು ಮಧ್ಯಾಹ್ನ ಮಲ್ಲಿಕಾ ಎಂಬ ಹತ್ತೊಂಬತ್ತರ ಹುಡುಗಿ, ಚೊಚ್ಚಲ ಹೆರಿಗೆಯವಳು, ಸಿಬ್ಬಂದಿಯ ಗದರಿಕೆಗೆ ಹೆದರಿ ಮೈ ಬಿಗಿಹಿಡಿದು ಮಲಗಿದ್ದಳು. "ನನ್ನವ್ವನ್ನ ಕರೀರಿ, ಅಷ್ಟೇ ಸಾಕ್ರೀ," ಎಂಬುದೊಂದೇ ಅವಳ ಮಾತು. ತಾಯಿ ಬಾಗಿಲಾಚೆ ಕಾವಲುಗಾರ ಮಾಳಿಂಗನೊಡನೆ ಗೋಗರೆಯುತ್ತಿದ್ದಳು. ಭೀಮಬಾಯಿಯವರು ಹೋಗಿ ಬಾಗಿಲು ತೆರೆದರು.

"ಸಿಸ್ಟರ್, ನನ್ನ ನೌಕರಿ ಹೋಗ್ತದ್ರೀ," ಎಂದ ಮಾಳಿಂಗ.

"ನಾನೇ ಬಾಗಲಾ ತೆಗದೀನಂತ ಬರ್ಕೋ, ನನ್ನ ಹೆಸರು ಹಾಕು. ಬಾ ಯವ್ವಾ, ಕೈ ತೊಳ್ಕೊಂಡು ಮಗಳ ತಲಿ ಹಿಡಿ."

ಎರಡು ತಾಸಿನೊಳಗೆ ಮಲ್ಲಿಕಾ ತಾಯಿಯ ಮಡಿಲಿಗೆ ತಲೆಯಾನಿಸಿ ಹೆಣ್ಣುಮಗುವನ್ನು ಹೆತ್ತಳು. ಮರುದಿನವೇ ಭೀಮಬಾಯಿಯವರ ಕೈಗೆ ಕಾರಣ ಕೇಳುವ ನೋಟೀಸು ಬಂತು.

ಕ್ಷಮೆ ಕೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ಕೇಳಲಿಲ್ಲ. ರಜೆಯ ದಿನಗಳಲ್ಲಿ ಬಾಣಂತಿಯರ ಮನೆಗಳಿಗೆ ಹೋಗಿ, ಆ ಕೋಣೆಯಲ್ಲಿ ತಮಗೇನಾಯಿತೆಂದು ಅವರು ಹೇಳಿದ್ದನ್ನು ಬರೆದುಕೊಂಡರು. ವಿಚಾರಣೆಯ ದಿನ ಅಧೀಕ್ಷಕರಾದ ಡಾ. ಶ್ರೀನಿವಾಸ ಅವರು, "ನಿಯಮ ಮುರದೀರಿ ಅಂತ ಒಪ್ತೀರೇನ್ರೀ?" ಎಂದು ಕೇಳಿದರು.

"ಒಪ್ತೀನ್ರೀ ಸಾಹೇಬ್ರ. ಇವು ಬಾಣಂತ್ಯಾರ ಮಾತು ಅವ. ಇವನ್ನೂ ಒಮ್ಮಿ ಓದ್ರಿ."

ವೈದ್ಯರು ಕೊನೆಯ ಹಾಳೆಯವರೆಗೂ ಓದಿ ಕೇಳಿದರು: "ಒಂದೇ ಕೋಣ್ಯಾಗ ಆರು ಮಂಚ ಅವ. ಒಬ್ಬಾಕಿ ಮನಿಯವ್ರನ್ನ ಒಳಗ ಬಿಟ್ರ, ಉಳಿದ ಐದು ಮಂದಿ ಮಾನಾ ಏನಾಗ್ಬೇಕು, ಹೇಳ್ರಿ?"

ಆ ಪ್ರಶ್ನೆ ನ್ಯಾಯದ್ದೆಂದು ಭೀಮಬಾಯಿಯವರಿಗೆ ಅನಿಸಿತು. ದಾರಿ ಹುಡುಕಲು ಎಂಟು ದಿನದ ಸಮಯ ಕೇಳಿಕೊಂಡು ಬಂದರು. ಶರಣಬಸವೇಶ್ವರ ಗುಡಿಯ ಹತ್ತಿರದ ದರ್ಜಿ ದೌಲಪ್ಪನವರ ಸೊಸೆ ಅದೇ ಕೋಣೆಯಲ್ಲಿ ಹೆತ್ತು ನೊಂದವಳು. ಭೀಮಬಾಯಿಯವರು ಹೋಗಿ ಕೇಳಿದಾಗ ದೌಲಪ್ಪನವರು ಅಂಗಡಿಯ ಉಳಿದ ಕೆಲಸ ಬದಿಗಿಟ್ಟು ಆರು ಮಂಚಗಳಿಗೂ ದಪ್ಪ ಬಟ್ಟೆಯ ಪರದೆ ಹೊಲಿದುಕೊಟ್ಟರು. ಪರದೆ ಕಟ್ಟಿದ ಮೇಲೆ ವೈದ್ಯರು ಒಂದೊಂದು ಮಂಚದ ಬಳಿಯೂ ನಿಂತು ನೋಡಿ, "ಒಬ್ಬಾಕಿಗೆ ಒಬ್ಬರೇ. ಮೂರು ತಿಂಗಳು ನೋಡೋಣ್ರಿ," ಎಂದರು. ಮೊದಲು ಗೊಣಗಿದ ಸಹೋದ್ಯೋಗಿಗಳೇ ಎರಡನೆಯ ತಿಂಗಳಿಗೆ, "ಈಕಿ ಜೋಡಿ ಯಾರ್ ಬಂದಾರ? ಒಳಗ ಕಳಸ್ರಿ," ಎನ್ನತೊಡಗಿದ್ದರು. ಮೂರು ತಿಂಗಳ ಪ್ರಯೋಗ ಆಸ್ಪತ್ರೆಯ ಕಾಯಂ ಆದೇಶವಾಯಿತು.

ನೋಟೀಸು ಮಾತ್ರ ಕಡತದಲ್ಲಿ ಉಳಿಯಿತು. ಅದರಿಂದ ಅವರ ಬಡ್ತಿ ನಿಂತು, ಕಿರಿಯರು ಮುಂದೆ ಹೋದರು. ಬಡ್ತಿ ಕೈತಪ್ಪಿದ ದಿನ ಮನೆಗೆ ಬಂದು ಅವರು ಅತ್ತದ್ದುಂಟು. "ನಾ ಹಟಾ ಮಾಡಿ ತಪ್ಪು ಮಾಡಿದ್ನೇನ್ರೀ?" ಎಂದು ಕೇಳಿದಾಗ ಪತಿ ಧರ್ಮರಾಜ ಅವರು, "ನಾಳೆ ಇನ್ನೊಬ್ಬಾಕಿ ಹಂಗೇ ಅತ್ತರ ಏನ್ ಮಾಡ್ತಿ?" ಎಂದರಂತೆ. ಮರುಪ್ರಶ್ನೆಗೆ ಉತ್ತರ ಗೊತ್ತಿದ್ದುದರಿಂದಲೇ ಭೀಮಬಾಯಿಯವರು ಮುಖ ತೊಳೆದು ಪಾಳಿಗೆ ಹೊರಟರು. ಕೊನೆಯ ಎಂಟು ವರ್ಷ ತಾವೇ ಕೇಳಿಕೊಂಡು ಮತ್ತೆ ಕಮಲಾಪುರಕ್ಕೆ ಬಂದರು.

ನಿವೃತ್ತಿಯೆಂದರೆ ಅವರ ಪಾಲಿಗೆ ವಿಶ್ರಾಂತಿಯಲ್ಲ. ಮುಂದಿನ ವಾರದಿಂದ ಪ್ರತಿ ಬುಧವಾರ ಹೊಸ ದಾದಿಯರಿಗೆ ಪಾಠ ಹೇಳಲು ಒಪ್ಪಿದ್ದಾರೆ. ಕಲಿಯುವ ಕೈಗಳು ಇರುವಷ್ಟು ಕಾಲ ಕಲಿಸುವ ಕಸುವು ಅವರ ಮೈಯಲ್ಲಿರಲಿ, ಅವರು ಹಿಡಿದ ಕೂಸುಗಳ ಮಕ್ಕಳು ಮೊಮ್ಮಕ್ಕಳನ್ನೂ ಕಾಣುವಷ್ಟು ದೀರ್ಘವಾದ ಆಯುಷ್ಯ ಅವರದಾಗಲಿ ಎಂದು ಸಹೋದ್ಯೋಗಿಗಳೆಲ್ಲರ ಹಾರೈಕೆ. ಹೊಸದಾಗಿ ಸೇರಿದ ಸುಷ್ಮಿತಾ ಮೊನ್ನೆ, "ಮೊದಲ ಪಾಠ ಯಾವುದ್ರೀ, ಅಕ್ಕೋರೆ? ನಾಡಿ ನೋಡೋದೇನ್ರೀ?" ಎಂದು ಕೇಳಿದಳು.

"ಅದು ಎರಡನೇದು," ಎಂದರು ಭೀಮಬಾಯಿಯವರು. "ಮೊದಲು, ಹೆರಾಕ ಬಂದಾಕಿ ಹೆಸರು ಕೇಳು."