ಅಡುಗೆಮನೆಯ ಅಲಾರಾಂ

ಬೆಂಕಿಯ ಅಲಾರಾಂ ಕೂರಿಸುವ ಅವನಿಗೆ ಜೊತೆಗಾರರು ಇಟ್ಟ ಹೆಸರು ಆಕಾಶರಾಯ. ಜೀವಮಾನವೆಲ್ಲ ಚಾವಣಿ ನೋಡಿಕೊಂಡೇ ಕಳೆದವನು. ಯಾವ ಕಟ್ಟಡವೇ ಆಗಲಿ, ಕೆಲಸ ಮುಗಿದ ಮೇಲೆ ಅಲಾರಾಮಿನ ಕೆಳಗೆ ಅಂಗಾತ ಮಲಗಿ, ಅದರ ಪುಟ್ಟ ದೀಪ ನಕ್ಷತ್ರದಂತೆ ಮಿನುಗುವುದನ್ನು ನೋಡುತ್ತ ಎಲ್ಲೋ ತೇಲಿಹೋಗುತ್ತಿದ್ದ. ಆ ಮಧ್ಯಾಹ್ನ ಸ್ವಂತ ಮನೆಗೂ ಎರಡು ಅಲಾರಾಂ ಕೂರಿಸಿ, ನಡುಮನೆಯದರ ಕೆಳಗೆ ಹಾಗೇ ತೇಲುತ್ತಿದ್ದ.

“ಇದು ಹೊಗೆ ಹಿಡಿಯೋದು ಕಣೇ, ಮೂಗಿನ ತುದೀಲೇ ಕೋಪ,” ಎಂದ ಹೆಂಡತಿಗೆ. “ಅಡುಗೆಮನೇಲಿ ಹಾಕಿರೋದು ಕಾವು ಹಿಡಿಯೋದು. ಹೊಗೆಗೆಲ್ಲ ಜಗ್ಗಲ್ಲ. ತಡ್ಕೊಂಡು ತಡ್ಕೊಂಡು, ಕಾವು ಮಿತಿ ಮೀರಿದಾಗಲೇ ಬಾಯಿ ಬಿಡುತ್ತೆ.”

ಒಲೆಯ ಮುಂದಿದ್ದ ಹೆಂಡತಿ ತಿರುಗಿಯೂ ನೋಡಲಿಲ್ಲ. “ಅಂಥದ್ದು ಒಂದು ಇಲ್ಲಿ ಆಗಲೇ ಇತ್ತಲ್ಲ. ಇನ್ನೊಂದು ಯಾಕೆ ಬೇಕಿತ್ತು?”

ಆಕಾಶರಾಯ ಚಾವಣಿಯಿಂದ ದೃಷ್ಟಿ ಇಳಿಸಿ, ಬಹಳ ಕಾಲದ ಮೇಲೆ, ಅವಳನ್ನು ನೋಡಿದ.