ಕಿವಿರಾಯನಿಗೆ ಕೇಳಿಸದ ಸದ್ದು

ಆ ಬೀದಿಯಲ್ಲಿ ಅವನ ನಿಜವಾದ ಹೆಸರು ಗೊತ್ತಿದ್ದದ್ದು ಅಂಚೆಯವನಿಗೆ ಮತ್ತು ಹೆಂಡತಿಗೆ ಮಾತ್ರ. ಮಿಕ್ಕವರಿಗೆಲ್ಲ ಅವನು ಕಿವಿರಾಯ. ನಲವತ್ತು ವರ್ಷದ ಹಿಂದೆ ಎದುರು ಸಾಲಿನ ಕ್ಷೌರದಂಗಡಿಯ ರೇಡಿಯೋ ಗೊರಗುಟ್ಟಿದಾಗ, ಕೂತಲ್ಲಿಂದ ಏಳದೆಯೇ "ಸ್ಪೀಕರಿನ ಕಾಗದ ಹರಿದಿದೆ, ಅಂಚಲ್ಲಿ, ಉಗುರಷ್ಟು" ಎಂದು ಕೂಗಿ ಹೇಳಿದ್ದ. ಬಿಚ್ಚಿ ನೋಡಿದರೆ ಉಗುರಷ್ಟೇ ಹರಿದಿತ್ತು. ಅಂದು ಅಂಟಿಕೊಂಡ ಹೆಸರನ್ನು ಅವನೂ ಕಿತ್ತುಹಾಕಲು ಹೋಗಲಿಲ್ಲ. ಹೊಗಳಿಕೆ ಯಾರಿಗೆ ಬೇಡ?

ಅಂಗಡಿ ಎಂದರೆ ಒಂದೇ ಕೋಣೆ, ನಡುವೆ ಹೂವಿನ ಪರದೆ. ಬೀದಿಯ ಕಡೆ ಅವನ ರಿಪೇರಿ ಮೇಜು, ಪರದೆಯ ಹಿಂದೆ ಹೆಂಡತಿಯ ಹೊಲಿಗೆ ಯಂತ್ರ. ಮೊದಲು ಕೇಳುವುದು, ಆಮೇಲೆ ಸ್ಕ್ರೂಡ್ರೈವರ್ ಎನ್ನುವುದು ಅವನ ಕಟ್ಟಳೆ. ಯಾವ ಪೆಟ್ಟಿಗೆ ಬಂದರೂ ಅದರ ಮೇಲೆ ಗದ್ದವೂರಿ, ಕಣ್ಣು ಮುಚ್ಚಿ, ತೋರುಬೆರಳು ಎತ್ತುತ್ತಿದ್ದ. ಬೆರಳು ಮೇಲಿದ್ದಷ್ಟು ಹೊತ್ತು ಗಿರಾಕಿ ಕೆಮ್ಮುವಂತಿರಲಿಲ್ಲ. ಪರದೆಯ ಸಂದಿಯಿಂದ ಅದು ಹೇಗೆ ಕಾಣುತ್ತಿತ್ತೋ, ಎಂಥ ಅವಸರದ ಹೊಲಿಗೆಯಿದ್ದರೂ ಹೆಂಡತಿಯ ಯಂತ್ರವೂ ತಟ್ಟನೆ ನಿಲ್ಲುತ್ತಿತ್ತು.

ಆದರೆ ಎರಡು ವರ್ಷದಿಂದ ಆ ಕಿವಿ ಕೈಕೊಡತೊಡಗಿತ್ತು. ಮಾತು ಕೇಳುತ್ತಿತ್ತು, ದಪ್ಪ ಸದ್ದು ಕೇಳುತ್ತಿತ್ತು. ಸೂಜಿಯಂಥ ಸಣ್ಣ ಸದ್ದುಗಳು ಮಾತ್ರ ಎಲ್ಲಿ ಹೋದವೋ. ಅವನು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಕಿವಿರಾಯನಿಗೇ ಕಿವಿ ಮಂದ ಎಂದರೆ ಜನ ನಗದೆ ಬಿಟ್ಟಾರೆಯೇ? ಅಂಗಡಿಗೆ ಬೀಗವೇ ಗತಿ ಎಂದು ಅವನಿಗೆ ನಿಜವಾಗಿ ಭಯವಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ನೃತ್ಯ ಕಲಿಸುವ ಟೀಚರ್ ಒಂದು ಲ್ಯಾಪ್‌ಟಾಪನ್ನೂ ಒಂದು ಆಂಪ್ಲಿಫೈಯರನ್ನೂ ಎರಡು ಪುಟ್ಟ ಸ್ಪೀಕರುಗಳನ್ನೂ ಹೊತ್ತು ತಂದಳು.

"ಸರ್, ನಾಳೆ ಸಂಜೆ ಮಕ್ಕಳ ಕಾರ್ಯಕ್ರಮ. ನಡುವೆ ಒಂದು ಕಡೆ ಸಂಗೀತ ಪೂರ್ತಿ ನಿಲ್ಲುತ್ತೆ, ಇಪ್ಪತ್ತು ಮಕ್ಕಳು ಕಲ್ಲಿನ ಹಾಗೆ ನಿಂತಿರಬೇಕು. ಸರಿಯಾಗಿ ಆಗಲೇ ಸ್ಪೀಕರ್ ಗೊಂಯ್ ಅನ್ನುತ್ತೆ. ಒಂದು ಮಗು ಕಿಸಕ್ ಅಂದ್ರೆ ಸಾಕು, ಇಪ್ಪತ್ತೂ ನಗೋಕೆ ಶುರು."

ಅವನು ಗದ್ದವೂರಿದ, ಬೆರಳೆತ್ತಿದ. ಗೊಂಯ್ ಚೆನ್ನಾಗಿಯೇ ಕೇಳಿಸಿತು, ಜೀವ ಬಂದಂತಾಯಿತು. ಲ್ಯಾಪ್‌ಟಾಪಿನ ಪ್ಲಗ್ಗನ್ನು ಅವಳು ಒಂದು ಗೋಡೆಗೆ, ಆಂಪ್ಲಿಫೈಯರಿನದನ್ನು ಇನ್ನೊಂದು ಗೋಡೆಗೆ ಸಿಕ್ಕಿಸಿದ್ದಳು. "ಎರಡಕ್ಕೂ ಕರೆಂಟು ಒಂದೇ ಕಡೆಯಿಂದ ಬರಬೇಕು, ಇಲ್ಲದಿದ್ರೆ ಹೀಗೇ ಜಗಳ" ಎಂದು ಎರಡನ್ನೂ ಒಂದೇ ಬೋರ್ಡಿಗೆ ಸಿಕ್ಕಿಸಿದ. ಗೊಂಯ್ ಮಾಯವಾಯಿತು. ಜಂಬದ ಕೋಳಿ ಎದೆಯುಬ್ಬಿಸಿತು. "ಮುಗೀತು, ತಗೊಂಡು ಹೋಗಿ."

ಟೀಚರ್ ಹೋಗಲಿಲ್ಲ. "ಗೊಂಯ್ ಹೋಯ್ತು ಸರ್. ಆ ಕೀಂ?"

"ಯಾವ ಕೀಂ?"

"ಈಗಲೂ ಬರ್ತಿದೆಯಲ್ಲ! ಮೌಸ್ ಆಡಿಸಿದ್ರೆ ಕಿಚಕಿಚ ಅನ್ನುತ್ತೆ, ನೋಡಿ."

ಅವನು ಮತ್ತೆ ಬೆರಳೆತ್ತಿದ. ಪರದೆಯ ಹಿಂದೆ ಹೊಲಿಗೆ ಯಂತ್ರ ನಿಂತಿತು. ಬೀದಿಯಲ್ಲಿ ಯಾರೋ ಬಕೆಟ್ ಎಳೆದದ್ದು ಕೇಳಿಸಿತು, ತನ್ನ ಉಸಿರು ಕೇಳಿಸಿತು. ಕೀಂ ಮಾತ್ರ ಇಲ್ಲ. ಇಂಗು ತಿಂದ ಮಂಗನಂತಾದ ಮುಖವನ್ನು ಹೇಗೋ ಸರಿಪಡಿಸಿಕೊಂಡು, "ಓ, ಆ ಕೀಂ! ಅದು ನಾಜೂಕಿನ ಕೆಲಸ. ಮಧ್ಯಾಹ್ನ ಬನ್ನಿ" ಎಂದ.

ಅವಳು ಹೋದ ಮೇಲೆ ಒಂದು ವೈರ್ ಬದಲಾಯಿಸಿದ. ಹೋಯಿತೋ ಇಲ್ಲವೋ? ಇನ್ನೊಂದು ಬದಲಾಯಿಸಿದ. ದೇವರಿಗೇ ಗೊತ್ತು.

"ಅದು ಹೋಗಿಲ್ಲ ರೀ" ಎಂದಿತು ಪರದೆ.

"ಏನು?"

"ಕೀಂ. ವೈರ್ ಬದಲಾಯಿಸಿದ್ರೂ ಹೋಗಿಲ್ಲ." ಹೆಂಡತಿ ಕೊರಳಲ್ಲಿ ಅಳತೆ ಟೇಪಿನೊಂದಿಗೆ ಹೊರಗೆ ಬಂದಳು.

"ನಿನಗೆ... ಗೊತ್ತಿತ್ತಾ?"

"ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ್ರೆ ಯಾರಿಗೂ ಗೊತ್ತಾಗಲ್ವಾ? ಕೆಟಲು ಪಕ್ಕದಲ್ಲೇ ಸೀಟಿ ಹಾಕ್ತಿದ್ರೂ 'ಇನ್ನೂ ಕುದೀಲಿಲ್ವಾ' ಅಂತೀರ. ಹೋದ ತಿಂಗಳು ನೀವು ಆ ಟೇಪ್ ರೆಕಾರ್ಡರು ರಿಪೇರಿ ಆಯ್ತು ಅಂದಾಗ, 'ಇನ್ನೂ ಕಿರಗುಡ್ತಿದೆ, ತಲೆನೋವು' ಅಂತ ರೇಗಿದೆನಲ್ಲ, ಸುಮ್ನೆ ರೇಗಿದೆ ಅಂದ್ಕೊಂಡ್ರಾ?"

ಸುಮ್ಮನೆ ಎಂದೇ ಅವನು ತಿಳಿದಿದ್ದ. ಎರಡು ವರ್ಷದಿಂದ ಇವಳ ಸಿಡುಕು ಹೆಚ್ಚಿತೆಂದು ಅಳಿಯನ ಹತ್ತಿರ ದೂರು ಬೇರೆ ಹೇಳಿದ್ದ. ನೆನೆದು ನಾಚಿಕೆಯಾಯಿತು.

"ಮೊದಲೇ ಯಾಕೆ ಹೇಳಲಿಲ್ಲ?"

"ನೀವೇ ಹೇಳ್ತೀರ ಅಂತ ಕಾದೆ. ಈಗ ಪಕ್ಕಕ್ಕೆ ಸರೀರಿ."

ಅವಳು ಅವನ ಸ್ಟೂಲಿನಲ್ಲೇ ಕೂತು, ಆಂಪ್ಲಿಫೈಯರಿನ ಮೇಲೆ ಗದ್ದವೂರಿ, ಕಣ್ಣು ಮುಚ್ಚಿ, ಥೇಟ್ ಅವನಂತೆಯೇ ಬೆರಳೆತ್ತಿದಳು. ಅವನಿಗೆ ನಗು ತಡೆಯಲಾಗಲಿಲ್ಲ.

"ಶ್! ಬೆರಳು ಮೇಲಿದೆ."

ಅವನು ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತ. "ಹೋಯ್ತು" ಎಂದಳು. ಸಿಕ್ಕಿಸಿದ. "ಬಂತು." ಮತ್ತೆ ಕಿತ್ತ. "ಹೋಯ್ತು." ಕಳ್ಳ ಬರುವ ದಾರಿ ಸಿಕ್ಕಿತು. ಚಾರ್ಜರ್ ಇಲ್ಲದೆಯೇ ನಡೆಸಿದರಾಯಿತು ಎಂದುಕೊಂಡರೆ, ಹಳೆಯ ಬ್ಯಾಟರಿ ಕಾಲು ಗಂಟೆಯಲ್ಲಿ ಕಣ್ಣು ಮುಚ್ಚಿತು. ಕಾರ್ಯಕ್ರಮವೋ ಎರಡು ಗಂಟೆಯದು.

ಆಗ ಅವನಿಗೆ ಅಟ್ಟದ ಮೇಲಿನ ಸತ್ತ ರೇಡಿಯೋಗಳು ನೆನಪಾದವು. ಎರಡು ರೇಡಿಯೋ ಬಿಚ್ಚಿ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಎರಡು ಟ್ರಾನ್ಸ್‌ಫಾರ್ಮರ್ ತೆಗೆದ, ಎಡ ಸ್ಪೀಕರಿನ ಸದ್ದಿಗೊಂದು, ಬಲದ್ದಕ್ಕೊಂದು. "ಇದರೊಳಗೆ ಎರಡು ಸುರುಳಿ. ಅಕ್ಕಪಕ್ಕ ಇದ್ರೂ ಒಂದರ ತಂತಿ ಇನ್ನೊಂದಕ್ಕೆ ತಾಗಲ್ಲ. ಹಾಡು ದಾಟುತ್ತೆ, ಚಾರ್ಜರಿನ ಕೊಳೆ ಈಚೆ ಉಳಿಯುತ್ತೆ."

"ನಮ್ಮ ಪರದೆ ಹಾಗೆ" ಎಂದಳು ಹೆಂಡತಿ.

ಅವನು ಒಂದೊಂದೇ ತಂತಿಗೆ ಚುಕ್ಕಿಯಷ್ಟೇ ಬೆಸುಗೆ ಇಟ್ಟ. ಎರಡನ್ನೂ ಕೂರಿಸಲು ತಗಡಿನ ಡಬ್ಬಿ ಬೇಕಾಯಿತು. ಅವಳು ಗೊಣಗುತ್ತಲೇ ತನ್ನ ಗುಂಡಿಗಳ ಡಬ್ಬಿ ಬರಿದು ಮಾಡಿಕೊಟ್ಟಳು. ಡಬ್ಬಿಯನ್ನು ಲ್ಯಾಪ್‌ಟಾಪಿಗೂ ಆಂಪ್ಲಿಫೈಯರಿಗೂ ನಡುವೆ ಜೋಡಿಸಿ, ಚಾರ್ಜರ್ ಸಿಕ್ಕಿಸಿ, ಮೌಸ್ ಆಡಿಸಿ, ಅವಳ ಮುಖವನ್ನೇ ನೋಡುತ್ತ ನಿಂತ.

"ಏನೂ ಇಲ್ಲ" ಎಂದಳು ಅವಳು ಕೊನೆಗೆ. "ಏನೂ ಇಲ್ಲದಿರೋದು ಎಷ್ಟು ಚೆನ್ನಾಗಿದೆ ರೀ!"

ಮಧ್ಯಾಹ್ನ ಟೀಚರ್ ಬಂದು ಮೌಸನ್ನು ಅತ್ತ ಇತ್ತ ಎಳೆದಾಡಿ ನೋಡಿದಳು. ಮುಖ ಅರಳಿತು. "ನಿಮ್ಮ ಕಿವಿಗೆ ಸಾಟಿಯೇ ಇಲ್ಲ ಬಿಡಿ ಸರ್!"

ಹೊಗಳಿಕೆಯನ್ನು ಒಪ್ಪಿಕೊಳ್ಳಲು ಅವನ ಬಾಯಿ ಅಭ್ಯಾಸಬಲದಿಂದ ತೆರೆಯಿತು. ಅಷ್ಟರಲ್ಲಿ ಪರದೆಯ ಹಿಂದೆ ಯಂತ್ರ ನಿಂತಿತು. ಅವನು ಬೆರಳೆತ್ತಿರಲಿಲ್ಲ. ಅವಳು ಕಾಯುತ್ತಿದ್ದಾಳೆಂದು ಅವನಿಗೆ ಗೊತ್ತಾಯಿತು.

ಎದ್ದು ಹೋಗಿ ಪರದೆಯನ್ನು ಕಂಬಿಯಿಂದಲೇ ಕಿತ್ತು ತೆಗೆದ. "ಕೇಳಿದ್ದು ನಾನಲ್ಲಮ್ಮ, ಇವಳು. ನನಗೆ ಸಣ್ಣ ಸದ್ದು ಕೇಳಿಸಲ್ಲ, ಎರಡು ವರ್ಷ ಆಯ್ತು. ಕೈ ನಂದು, ಕಿವಿ ಇವಳದು."

ಟೀಚರ್ ನಗಲಿಲ್ಲ. ಯಂತ್ರದ ಮುಂದೆ ಕಣ್ಣೊರೆಸಿಕೊಳ್ಳುತ್ತಿದ್ದವಳ ಕಡೆ ತಿರುಗಿ, "ಹಾಗಾದ್ರೆ ಅಕ್ಕ, ನಾಳೆ ನೀವೂ ಬರಲೇಬೇಕು. ಹಾಲ್‌ನಲ್ಲಿ ಇನ್ನೊಂದ್ಸಲ ಕೇಳಿ ಹೇಳೋರು ಬೇಕಲ್ಲ" ಎಂದಳು.

ಮರುದಿನ ಸಂಜೆ ಹಾಲ್‌ನಲ್ಲಿ ಸಂಗೀತ ನಿಂತಿತು, ಇಪ್ಪತ್ತು ಮಕ್ಕಳು ಕಲ್ಲಾದರು. ಕೊನೆಯ ಸಾಲಿನಲ್ಲಿದ್ದ ಕಿವಿರಾಯ ವೇದಿಕೆಯ ಕಡೆ ನೋಡಲೇ ಇಲ್ಲ. ಪಕ್ಕದಲ್ಲಿ ಹೆಂಡತಿ ಕಣ್ಣು ಮುಚ್ಚಿ, ಮಡಿಲಲ್ಲಿ ಯಾರಿಗೂ ಕಾಣದಂತೆ ಬೆರಳೊಂದನ್ನು ಎತ್ತಿ ಕೂತಿದ್ದಳು. ಒಂದು ಮಗುವೂ ನಗಲಿಲ್ಲ. ಮೆಲ್ಲಗೆ ಬೆರಳು ಇಳಿಯಿತು. ಅವನು ಆ ಕೈಯನ್ನು ಹಿಡಿದುಕೊಂಡ, ಕಾರ್ಯಕ್ರಮ ಮುಗಿಯುವ ತನಕ ಬಿಡಲಿಲ್ಲ.